ಮೆದುಳಿನ ಚಿತ್ರದಲ್ಲಿ ತೂತು

"ಅಕ್ಕಾರ, ಚಿತ್ರದಾಗ ನಡುವ ತೂತ ಬಿದ್ದಾವ ನೋಡ್ರಿ." ಬಾಗಲಕೋಟೆಯ ಹುಡುಗನ ಫೋನ್ ಬಂದಾಗ ರಾತ್ರಿ ಹತ್ತೂವರೆ. ನಮ್ಮ ಟಿಳಕವಾಡಿಯಲ್ಲಿ ಮಳೆ ಹಿಡಿದು ಕೂತಿತ್ತು.

ಒಬ್ಬನೇ ವ್ಯಕ್ತಿಯ ಎಫ್‌ಎಂಆರ್‌ಐ ಅದು, ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಸ್ಕ್ಯಾನ್. ಕಣ್ಣೆದುರು ಕಪ್ಪು-ಬಿಳಿ ಚೌಕುಳಿ ಮಿನುಗಿಸಿ ತೆಗೆದದ್ದು. ತಲೆಯ ಹಿಂಭಾಗದಲ್ಲಿ, ನೋಟದ ಕೆಲಸ ನಡೆಯುವ ಕಡೆ, ಬಣ್ಣ ಎಲ್ಲಕ್ಕಿಂತ ಜೋರಾಗಿರಬೇಕು. ಅಲ್ಲೇ ಖಾಲಿ!

ಚಿತ್ರದ ಪ್ರತಿ ಚುಕ್ಕೆಗೂ ಒಂದು ಟಿ ಬೆಲೆ ಇರುತ್ತದೆ, ಅಲ್ಲಿನ ಏರಿಳಿತ ಗದ್ದಲಕ್ಕಿಂತ ಎಷ್ಟು ಪಟ್ಟು ಅಂತ ಹೇಳುವ ಸಂಖ್ಯೆ. ಅದನ್ನು ಝಡ್‌ಗೆ, ಅಂದರೆ ಎಲ್ಲೆಡೆ ಒಂದೇ ಅಳತೆಯ ಸಂಖ್ಯೆಗೆ, ಬದಲಿಸು ಅಂತ ಹೇಳಿದ್ದು ನಾನೇ. ಯಾಕಂದ್ರೆ ಟಿ ಅನ್ನೋದು ನಮ್ಮ ಅಜ್ಜಿ ಕಾಲದ ಸೇರು ಇದ್ದ ಹಾಗೆ. ಹೆಸರು ಒಂದೇ, ಅಳತೆ ಊರೂರಿಗೆ ಬೇರೆ. 12 ಜನರ ಗುಂಪಿನಲ್ಲಿ ಟಿ 4.03 ಇದ್ದರೆ ಒಂದು ಬದಿಯ ಪಿ (ಏನೂ ಇಲ್ಲದಿದ್ದರೂ ಒಂದೇ ದಿಕ್ಕಿನಲ್ಲಿ ಇಷ್ಟು ದೊಡ್ಡ ಬೆಲೆ ಆಕಸ್ಮಿಕವಾಗಿ ಬರುವ ಸಂಭವ) 0.001. 40 ಜನರಿದ್ದರೆ 3.31 ಸಾಕು. ಝಡ್‌ನಲ್ಲಿ ಎರಡೂ 3.09. ಎರಡು ಟಿ ಚಿತ್ರಗಳಿಗೆ ಒಂದೇ ಗೆರೆ ಎಳೆದು ಹೋಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ದಾರಿ ಸರಳ. ಟಿ ಮತ್ತು ಡಿಗ್ರೀಸ್ ಆಫ್ ಫ್ರೀಡಂನಿಂದ (ಲೆಕ್ಕಕ್ಕೆ ಎಷ್ಟು ಸ್ವತಂತ್ರ ಮಾಹಿತಿ ಉಳಿದಿದೆ ಅನ್ನೋ ಸಂಖ್ಯೆ) ಪಿ, ಪಿಯಿಂದ ಝಡ್. ಹುಡುಗ ಪೈಥಾನ್‌ನಲ್ಲಿ ಸಿಡಿಎಫ್, ಅಂದರೆ ಟಿ ಈ ಬೆಲೆಯವರೆಗೆ ಇರುವ ಸಂಭವ, ತೆಗೆದು ಒಂದರಿಂದ ಕಳೆದಿದ್ದ. ಎಡವಟ್ಟಾದದ್ದು ಅಲ್ಲೇ. ಡಿಗ್ರೀಸ್ 200, ಟಿ 10 ಅಂದುಕೊಳ್ಳಿ. ಪಿ ಎಷ್ಟು ಸಣ್ಣದೆಂದರೆ ದಶಾಂಶದ ನಂತರ ಹದಿನೆಂಟು ಸೊನ್ನೆ ದಾಟಬೇಕು. ಕಂಪ್ಯೂಟರ್ ಹಿಡಿಯುವುದು ಹದಿನಾರು ಅಂಕಿಯಷ್ಟು. ಅದರ ಲೆಕ್ಕದಲ್ಲಿ ಸಿಡಿಎಫ್ ಪೂರ್ತಿ ಒಂದು, ಪಿ ಸೊನ್ನೆ, ಝಡ್ ಅನಂತ. ಅನಂತಕ್ಕೆ ಬಣ್ಣ ಹಚ್ಚೋದು ಹೇಗೆ? ಖಾಲಿ ಬಿಡುತ್ತದೆ. ಮೆದುಳು ಎಲ್ಲಿ ಜಾಸ್ತಿ ಕೆಲಸ ಮಾಡಿತ್ತೋ ಅಲ್ಲೇ ತೂತು.

"ಕಳೀಬ್ಯಾಡ. ಬಾಲದ ಭಾಗಾನ ನೇರ ಕೇಳು" ಅಂದೆ. ಪೈಥಾನ್‌ನ ಸೈಪೈ ಸಂಗ್ರಹದಲ್ಲಿ ಟಿಗಿಂತ ಆಚೆಯ ಆ ಬಾಲದ ಸಂಭವ ನೇರ ಕೊಡೋಕೆ ಎಸ್‌ಎಫ್ ಅನ್ನೋ ಫಂಕ್ಷನ್ ಇದೆ, ಪಿಯಿಂದ ಝಡ್‌ಗೆ ಬರೋಕೆ ಐಎಸ್‌ಎಫ್. ಮೈನಸ್ ಟಿಗಳಿದ್ದರೆ ಚಿಹ್ನೆ ತೆಗೆದಿಟ್ಟು ಲೆಕ್ಕ ಮಾಡಿ, ಕೊನೆಗೆ ಮತ್ತೆ ಅಂಟಿಸಬೇಕು. ಇಲ್ಲದಿದ್ದರೆ ಅದೇ ತೂತು ಆ ಕಡೆ ಬೀಳುತ್ತದೆ. ಎಫ್‌ಎಸ್‌ಎಲ್ ಎಂಬ ಮೆದುಳು-ಚಿತ್ರಗಳ ಸಾಫ್ಟ್‌ವೇರ್‌ನಲ್ಲಿ ಇದಕ್ಕೇ ಅಂತ ಟಿಟಿಒಝಡ್ ಎಂಬ ಸಲಕರಣೆ ಇದೆ. ಆದರೂ ಒಮ್ಮೆ ಕೈಯಾರೆ ಮಾಡಿ ನೋಡಲಿ ಅಂತ ನನ್ನ ಆಸೆ.

ಹನ್ನೊಂದೂವರೆಗೆ ಹೊಸ ಚಿತ್ರ ಕಳಿಸಿದ. ತೂತು ತುಂಬಿತ್ತು. ಟಿ 10 ಇದ್ದ ಜಾಗದಲ್ಲಿ ಝಡ್ ಸುಮಾರು 9.

"ಎಫ್ ಚಿತ್ರಾನೂ ಹಿಂಗ ಮಾಡ್ಲೇನ್ರಿ?" ಅಂದ. ಎಫ್ ಟಿಯಂಥದೇ ಇನ್ನೊಂದು ಸಂಖ್ಯೆ. ಒಂದೇ ಹೋಲಿಕೆಯ ಎಫ್ ಅಂದ್ರೆ ಟಿಯ ವರ್ಗ, ಅಲ್ವಾ? ಏರಿತ್ತೋ ಇಳಿದಿತ್ತೋ ಅನ್ನೋದು ಅದರಲ್ಲಿ ಉಳಿಯೋದಿಲ್ಲ. ಟಿ ಫೈಲ್ ಮಾತ್ರ ಅಳಿಸಬೇಡ ಅಂತ ಎರಡು ಸಲ ಹೇಳಿ ಫೋನ್ ಇಟ್ಟೆ.