ಹತ್ತು ಜಿಬಿ ಕೇಳಿದೆ, ಇಲ್ಲ ಅಂದಿತು

ಸರ್ವರ್‌ನಲ್ಲಿ 64 ಜಿಬಿ ಮೆಮೊರಿ ಇತ್ತು. ನಾನು ಕೇಳಿದ್ದು ಬರೀ 10. ಆದರೂ ಮ್ಯಾಲಾಕ್ (ಸಿ ಭಾಷೆಯಲ್ಲಿ ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ನಲ್, ಅಂದರೆ 'ಸಿಗಲಿಲ್ಲ' ಅನ್ನುವ ಉತ್ತರ, ಕೊಟ್ಟು ಕೈ ತೊಳೆದುಕೊಂಡಿತು.

ಕೆಲಸ ಅಂಥ ದೊಡ್ಡದೇನಲ್ಲ. ನಕ್ಷೆಯ ಮೇಲೆ 50,000 ಜಾಗಗಳು. ಒಂದೊಂದರಿಂದಲೂ ಉಳಿದವೆಲ್ಲ ಎಷ್ಟು ದೂರ ಅಂತ ಅರೇಯಲ್ಲಿ (ಸಾಲು ಸಾಲು ಮನೆಗಳ ಪಟ್ಟಿ) ತುಂಬಬೇಕು. (ದೂರ ಎರಡೂ ಕಡೆಯಿಂದ ಒಂದೇ ಅಲ್ವಾ, ಅರ್ಧ ಇಟ್ಟಿದ್ದರೆ ಸಾಕಿತ್ತು. ಸೋಮಾರಿತನ.) ಸಿ ಭಾಷೆಯಲ್ಲಿ ಬರೆದು 1,000 ಜಾಗಗಳಿಗೆ ಓಡಿಸಿದಾಗ ಏನೂ ತಕರಾರಿರಲಿಲ್ಲ.

ಸಂಜೆಯವರೆಗೂ ಸುಮ್ನೆ ಸರ್ವರ್ ಮೇಲೆ ಅನುಮಾನಪಟ್ಟೆ. ಕೊನೆಗೆ 50,000ವನ್ನು 50,000ದಿಂದ ಗುಣಿಸಿದ ಲೆಕ್ಕವನ್ನೇ ಪ್ರಿಂಟ್ ಮಾಡಿ ನೋಡಿದೆ. 250 ಕೋಟಿ ಬರಬೇಕಿತ್ತು (ಒಂದೊಂದಕ್ಕೆ 4 ಬೈಟ್, ಅದೇ 10 ಜಿಬಿ). ಬಂದದ್ದು -1794967296.

ನಾನು ಗುಣಿಸಿದ್ದು ಇಂಟ್‌ನಲ್ಲಿ, ಅಂದರೆ ಸಿಯ ಮಾಮೂಲಿ ಪೂರ್ಣಾಂಕದಲ್ಲಿ. ಅದಕ್ಕೆ ಇರುವುದು 32 ಬಿಟ್. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647, ಅಂದರೆ ಸುಮಾರು 214 ಕೋಟಿ. ಅದು ದಾಟಿದರೆ ಏನಾಗಬೇಕು ಅಂತ ಸಿ ನಿಯಮ ಹೇಳುವುದೇ ಇಲ್ಲ. ನನ್ನ ಪಾಲಿಗೆ ಮೈನಸ್ ಬಂತು. ಮ್ಯಾಲಾಕ್ ಮೈನಸ್ ಅಂತ ತಿಳಿಯುವುದಿಲ್ಲ, ಅದನ್ನೇ ಎಲ್ಲೂ ಇಲ್ಲದಷ್ಟು ದೊಡ್ಡ ಅಳತೆ ಅಂದುಕೊಂಡು ಇಲ್ಲ ಅನ್ನುತ್ತದೆ.

ಸರಿ, ಉತ್ತರ ಇಡುವ ವೇರಿಯಬಲ್ಲನ್ನು 64 ಬಿಟ್‌ನ ಸೈಜ್_ಟಿ (ಅಳತೆಗಳಿಗೆಂದೇ ಇರುವ ದೊಡ್ಡ ಪೂರ್ಣಾಂಕ) ಮಾಡಿದೆ. ಮತ್ತೆ ನಲ್! ಪಕ್ಕದ ಸೀಟಿನ ಹಿರಿಯರು ಬಗ್ಗಿ ನೋಡಿ ನಕ್ಕರು. "ಏನ್ರೀ, ಚೊಂಬಲ್ಲೇ ಉಕ್ಕಿ ಚೆಲ್ಲಿದ ಹಾಲನ್ನ ಆಮೇಲೆ ಹಂಡೆಗೆ ಸುರಿದ್ರೆ ಏನ್ ಬಂತು? ಗುಣಿಸೋ ಮುಂಚೆನೇ ಹಂಡೆ ತಗೊಳ್ಳಿ." ಗುಣಾಕಾರ ನಡೆಯುವುದು ಎರಡು ಇಂಟ್‌ಗಳ ನಡುವೆ. ಉತ್ತರ ಎಲ್ಲಿಗೆ ಹೋಗುತ್ತದೆ ಅನ್ನುವುದು ಅದಕ್ಕೆ ಬೇಕಿಲ್ಲ. ಮೊದಲನೇ ಸಂಖ್ಯೆಯನ್ನೇ ಸೈಜ್_ಟಿಗೆ ಬದಲಿಸಿ ಗುಣಿಸಿದೆ. 10 ಜಿಬಿ ಸಿಕ್ಕಿತು.

ಖುಷಿಯಿಂದ ಟೀ ಕುಡಿದು ಬಂದರೆ ಸೆಗ್ಮೆಂಟೇಶನ್ ಫಾಲ್ಟ್: ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಸತ್ತಿತ್ತು. ಕೊನೆಗೆ ಪ್ರಿಂಟ್ ಆಗಿದ್ದು 42949ನೇ ಸಾಲು. ಅದನ್ನು 50,000ದಿಂದ ಗುಣಿಸಿ ನೋಡಿ: 214 ಕೋಟಿಯ ಅಂಚು. ಲೂಪ್ ಒಳಗೆ ಅರೇಯ ಎಷ್ಟನೇ ಮನೆ ಅಂತ ಎಣಿಸುವ ಲೆಕ್ಕವನ್ನು ಇಂಟ್‌ನಲ್ಲೇ ಬಿಟ್ಟಿದ್ದೆ. ಅದನ್ನೂ ಬದಲಿಸಿದ ಮೇಲೆ ಪೂರ್ತಿ ಓಡಿತು.

ಮುಂದಿನ ವಾರ ಜಾಗಗಳು 70,000 ಆದವು. ಕುತೂಹಲಕ್ಕೆ ತಿದ್ದುವ ಮುಂಚಿನ ಹಳೇ ಕೋಡನ್ನೇ ಓಡಿಸಿದೆ. ಈ ಸಲ ಗುಣಲಬ್ಧ 490 ಕೋಟಿ. ಅದು ಒಂದು ಸುತ್ತು ಪೂರ್ತಿ ತಿರುಗಿ 605032704 ಆಗಿ ನಿಂತಿತ್ತು. ಮೈನಸ್ ಇಲ್ಲ, ನಲ್ ಇಲ್ಲ. 19.6 ಜಿಬಿ ಬೇಕಿದ್ದಲ್ಲಿ ಮ್ಯಾಲಾಕ್ ಮರುಮಾತಿಲ್ಲದೆ 2.4 ಜಿಬಿ ಕೊಟ್ಟು ಕಳಿಸಿತು.