ಎರಡು ಗೋಲು ಮುಂದಿದ್ದವರು

ಭುವನೇಶ್ವರ, 29 ಜನವರಿ 2023, ಭಾನುವಾರ

ಕಳಿಂಗ ಕ್ರೀಡಾಂಗಣದಿಂದ ಮನೆ ಸೇರುವಾಗ ಹನ್ನೊಂದು ದಾಟಿತ್ತು. ಗಂಟಲು ಪೂರ್ತಿ ಕಟ್ಟಿದೆ. ಪುರುಷರ ಹಾಕಿ ವಿಶ್ವಕಪ್ ಜರ್ಮನಿಯ ಪಾಲಾಯಿತು. ನಿಗದಿತ ಅವಧಿ ಮುಗಿದಾಗ 3–3, ಶೂಟೌಟ್‌ನಲ್ಲಿ 5–4. ಸೋತದ್ದು 2018ರಲ್ಲಿ ಇದೇ ಅಂಗಳದಲ್ಲಿ ಕಪ್ ಎತ್ತಿದ್ದ ಬೆಲ್ಜಿಯಂ. ನಿದ್ದೆ ಹತ್ತುವ ಹಾಗಿಲ್ಲ. ಬರೆದೇ ಮಲಗಬೇಕು.

ಈ ಫೈನಲ್‌ನ ಟಿಕೆಟ್ ತೆಗೆದುಕೊಂಡದ್ದು ಭಾರತ ಇರುತ್ತದೆ ಎಂಬ ನಂಬಿಕೆಯಿಂದ. ಕಳೆದ ಭಾನುವಾರ ಆ ನಂಬಿಕೆ ಕುಸಿದ ಮೇಲೆ ಟಿಕೆಟನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದಿದ್ದೆ. ಕಚೇರಿಯ ಗೆಳತಿ ಒಪ್ಪಲಿಲ್ಲ. ಅವಳು ಸುಂದರಗಢ ಜಿಲ್ಲೆಯವಳು. "ಮನೆಗೆ ಬಂದ ನೆಂಟರು ಉಣ್ಣುತ್ತಿರುವಾಗ ನಾವು ಎದ್ದು ಹೋಗುವುದೇ?" ಎಂದಳು. ಅವಳ ಕಡೆಯ ಹಳ್ಳಿಗಳಲ್ಲಿ ಹಾಕಿ ಪಂದ್ಯಕ್ಕೆ ಹೋತವನ್ನೇ ಬಹುಮಾನವಾಗಿ ಇಡುತ್ತಾರೆ. ಮಕ್ಕಳು ಬಿದಿರಿನ ಕೋಲಿನಲ್ಲಿ ಆಟ ಕಲಿಯುತ್ತಾರೆ. ನಾವು ಕೊಡಗಿನಲ್ಲಿ ಕಾಫಿ ಗಿಡದ ಬಾಗಿದ ಕೊಂಬೆ ಕಡಿದು ತಂದು ಅಂಗಳದಲ್ಲಿ ಆಡುತ್ತಿದ್ದೆವು ಎಂದು ಹೇಳಿದ ದಿನವೇ ನಮ್ಮಿಬ್ಬರ ಗೆಳೆತನ ಗಟ್ಟಿಯಾದದ್ದು. ಭಾರತ ತಂಡದ ಹಿಂದಿನ ನಾಯಕ ದಿಲೀಪ್ ಟಿರ್ಕಿ ಮತ್ತು ಈ ಸಲದ ತಂಡದ ಅಮಿತ್ ರೋಹಿದಾಸ್ ಇಬ್ಬರೂ ಆ ಜಿಲ್ಲೆಯ ಸೌನಾಮಾರ ಎಂಬ ಒಂದೇ ಊರಿನವರು. ಈ ತಿಂಗಳ 13ರಂದು ರೂರ್ಕೆಲಾದ ಹೊಸ ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲಿ ಸ್ಪೇನ್ ವಿರುದ್ಧ ಭಾರತದ ಮೊದಲ ಗೋಲು ಹೊಡೆದದ್ದು ಅದೇ ರೋಹಿದಾಸ್. ಅವತ್ತು ಟಿ.ವಿ. ಮುಂದೆ ಅವಳು ಅತ್ತಳು. ನನಗೂ ಕಣ್ಣು ತುಂಬಿತ್ತು, ಆದರೆ ಒಳಗೊಂದು ಹೊಟ್ಟೆಕಿಚ್ಚೂ ಇತ್ತು. ರಿಯೊ ಒಲಿಂಪಿಕ್ಸ್ ತಂಡದಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕಿನ್ ತಿಮ್ಮಯ್ಯ ಹೀಗೆ ನಮ್ಮವರು ನಾಲ್ವರು ಇದ್ದರು. ಈ ಸಲದ ಹದಿನೆಂಟು ಮಂದಿಯಲ್ಲಿ ಕರ್ನಾಟಕದವರು ಒಬ್ಬರೂ ಇಲ್ಲ.

22ರ ರಾತ್ರಿಯ ಬಗ್ಗೆ ಇಷ್ಟು ದಿನ ಒಂದು ಸಾಲೂ ಬರೆದಿರಲಿಲ್ಲ. ನ್ಯೂಜಿಲೆಂಡ್ ವಿರುದ್ಧದ ಕ್ರಾಸ್‌ಓವರ್ ಪಂದ್ಯ. ಗೆದ್ದರೆ ಕ್ವಾರ್ಟರ್ ಫೈನಲ್. ಲಲಿತ್ ಉಪಾಧ್ಯಾಯ ಒಂದು, ಸುಖ್‌ಜೀತ್ ಇನ್ನೊಂದು. 24ನೇ ನಿಮಿಷಕ್ಕೆ ನಾವು 2–0 ಮುಂದೆ. ಅವರು ಒಂದು ಗೋಲು ತೀರಿಸಿದರೂ 40ನೇ ನಿಮಿಷದಲ್ಲಿ ವರುಣ್ ಕುಮಾರ್ ಹೊಡೆದು 3–1 ಮಾಡಿದ. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಅಜ್ಜಿಯೊಬ್ಬರು ನನ್ನ ಕೈಗೆ ಹಿಡಿ ಕಡಲೆಕಾಯಿ ಸುರಿದರು. ಅದನ್ನು ಸುಲಿದು ತಿಂದು ಮುಗಿಸುವ ಮೊದಲೇ ಕೇನ್ ರಸೆಲ್ ಒಂದು ಹೊಡೆದ. 49ನೇ ನಿಮಿಷದಲ್ಲಿ ಶಾನ್ ಫಿಂಡ್ಲೆ ಮತ್ತೊಂದು ಹೊಡೆದು 3–3. ಎರಡೂ ಪೆನಾಲ್ಟಿ ಕಾರ್ನರ್‌ಗಳೇ, ಅಂದರೆ ರಕ್ಷಣೆಯವರ ತಪ್ಪಿಗೆ ಗೋಲುಗೆರೆಯಿಂದ ಚೆಂಡು ತಳ್ಳಿ ಆರಂಭಿಸುವ ದಾಳಿಗಳು.

ನಾನು ಶಾಲೆಯಲ್ಲಿ ಫುಲ್‌ಬ್ಯಾಕ್ ಆಡಿದವಳು. ಅವತ್ತು ಕಂಡದ್ದನ್ನು ನೇರವಾಗಿ ಬರೆಯುತ್ತೇನೆ. ಮುನ್ನಡೆ ಸಿಕ್ಕಿದ ಮೇಲೆ ನಮ್ಮವರು ಚೆಂಡನ್ನು ಕಾಯಲು ಹೊರಟರು. ಎದುರಾಳಿಯ ಕಾಲಬುಡಕ್ಕೆ ಹೋಗಿ ಚೆಂಡು ಕಸಿಯುತ್ತಿದ್ದವರು ನಾಲ್ಕು ಹೆಜ್ಜೆ ಹಿಂದೆ ನಿಂತರು. ಆ ನಾಲ್ಕು ಹೆಜ್ಜೆಯ ಜಾಗದಲ್ಲಿ ನ್ಯೂಜಿಲೆಂಡ್‌ನವರು ತಲೆಯೆತ್ತಿ ನೋಡಿ ಪಾಸ್ ಕೊಡತೊಡಗಿದರು. ಇನ್ನೊಂದು ಕಡೆ ನಮಗೆ ಸಿಕ್ಕ ಪೆನಾಲ್ಟಿ ಕಾರ್ನರ್‌ಗಳಲ್ಲಿ ಹೆಚ್ಚಿನವು ನೀರಿನಲ್ಲಿ ಹೋಮ ಮಾಡಿದಂತಾದವು. ಚೆಂಡನ್ನು ಕೋಲಿನಲ್ಲಿ ಎಳೆದು ಬೀಸಿ ಬಿಡುವ ನಾಯಕ ಹರ್ಮನ್‌ಪ್ರೀತ್‌ನ ಡ್ರ್ಯಾಗ್ ಫ್ಲಿಕ್ ಈ ಟೂರ್ನಿಯುದ್ದಕ್ಕೂ ಕೈಕೊಟ್ಟಿತು. ಇಂಗ್ಲೆಂಡ್ ಎದುರು ತೊಡೆಯ ಸ್ನಾಯು ಹಿಡಿದುಕೊಂಡು ಹೊರನಡೆದ ಹಾರ್ದಿಕ್ ಸಿಂಗ್ ಮತ್ತೆ ಬರಲೇ ಇಲ್ಲ. ಶೂಟೌಟ್‌ನಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಪೆಟ್ಟು ತಿಂದು ಹೊರಬಿದ್ದು, ಕೃಷ್ಣ ಪಾಠಕ್ ಒಳಬಂದು, ಕೊನೆಗೆ ಶಂಶೇರ್‌ನ ಯತ್ನ ವಿಫಲವಾಗಿ 4–5. ಸಾವಿರಾರು ಜನರಿದ್ದ ಆ ಜಾಗದಲ್ಲಿ ಅಷ್ಟು ಮೌನ ಹೇಗೆ ಸಾಧ್ಯವಾಯಿತೋ. ಆಮೇಲೆ ಜಪಾನನ್ನು 8–0ಯಿಂದ, ದಕ್ಷಿಣ ಆಫ್ರಿಕವನ್ನು 5–2ರಿಂದ ಸೋಲಿಸಿದರು. ಸಿಕ್ಕಿದ್ದು ಅರ್ಜೆಂಟೀನಾ ಜೊತೆ ಹಂಚಿಕೊಂಡ ಒಂಬತ್ತನೇ ಸ್ಥಾನ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಅವರು ನ್ಯೂಜಿಲೆಂಡಿನ ಮಾತೇ ಎತ್ತಲಿಲ್ಲ. "ಆಮ್‌ಸ್ಟೆಲ್‌ವೀನ್‌ನಲ್ಲೂ ಎರಡು ಗೋಲು ಮುಂದಿದ್ದೆವು" ಎಂದರು. 1973ರ ವಿಶ್ವಕಪ್ ಫೈನಲ್. ನಾಯಕ ನಮ್ಮ ಕೊಡಗಿನ ಎಂ.ಪಿ. ಗಣೇಶ್. ಆತಿಥೇಯ ನೆದರ್ಲೆಂಡ್ಸ್ ವಿರುದ್ಧ ಸುರ್ಜೀತ್ ಸಿಂಗ್ ಎರಡು ಗೋಲು ಹೊಡೆದು 2–0 ಮಾಡಿದ್ದರು. ಡಚ್ಚರು ಎರಡನ್ನೂ ತೀರಿಸಿದರು. ಹೆಚ್ಚುವರಿ ಅವಧಿಯಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್, ಅಂದರೆ ಗೋಲ್‌ಕೀಪರ್ ಒಬ್ಬನೇ ಎದುರಿರುವ ಹೊಡೆತ, ಸಿಕ್ಕಿತು. ಅದು ಗೋಲಾಗಿದ್ದರೆ ಕಪ್ ಅಲ್ಲಿಗೇ ನಮ್ಮದು. ಹೊಡೆಯಲು ನಿಂತವರು ಬಿ.ಪಿ. ಗೋವಿಂದ, ಅವರೂ ಕೊಡಗಿನವರೇ. ತಪ್ಪಿತು. ಆಮೇಲೆ ಸ್ಟ್ರೋಕ್‌ಗಳಲ್ಲಿ ಸೋಲು. ಅಪ್ಪನಿಗೆ ಆಗ ಹದಿನಾಲ್ಕು ವರ್ಷ. ಸುದ್ದಿ ತಿಳಿದ ದಿನ ನಮ್ಮ ಅಜ್ಜ ಗದ್ದೆಗೆ ಹೋಗದೆ ಜಗುಲಿಯಲ್ಲೇ ಕುಳಿತಿದ್ದರಂತೆ. ಎರಡು ವರ್ಷದ ನಂತರ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಮಣಿಸಿ ಕಪ್ ಗೆದ್ದ ತಂಡದಲ್ಲಿ ಅದೇ ಗೋವಿಂದ ಇದ್ದರು ಎಂಬುದನ್ನು ಹೇಳುವಾಗ ಮಾತ್ರ ಅಪ್ಪನ ದನಿ ಏರಿತು. ಪುರುಷರ ಹಾಕಿಯಲ್ಲಿ ಭಾರತ ಗೆದ್ದ ಒಂದೇ ವಿಶ್ವಕಪ್ ಅದು.

ಆ ಮಾತು ತಲೆಯಲ್ಲಿ ಇದ್ದುದರಿಂದಲೋ ಏನೋ, ಈ ವಾರ ಜರ್ಮನಿಯ ಆಟವನ್ನು ನಾನು ಬೇರೆಯೇ ಕಣ್ಣಿನಿಂದ ನೋಡಿದೆ. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 0–2. ಕೊನೆಯ ಹೊತ್ತಿನಲ್ಲಿ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ಅನ್ನೂ ರೂರ್ ಕಳೆದುಕೊಂಡ. ಅಲ್ಲಿಗೆ ಮುಗಿಯಿತು ಎಂದು ನಾನು ಅಡುಗೆಮನೆಗೆ ಎದ್ದು ಹೋದೆ. ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಗ್ರಾಂಬುಷ್ ಅಣ್ಣತಮ್ಮಂದಿರು, ಮಾಟ್ಸ್ ಮತ್ತು ಟಾಮ್, ಒಂದೊಂದು ಗೋಲು ಹೊಡೆದು ಸಮ ಮಾಡಿದ್ದರು. ಶೂಟೌಟ್‌ನಲ್ಲಿ ಗೆದ್ದರು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಮತ್ತೆ 0–2. ಗೊಂಜಾಲೊ ಪೇಯಾಟ್ ಮೂರು ಗೋಲು ಹೊಡೆದ, ಕೊನೆಯ ಕ್ಷಣಗಳಲ್ಲಿ ನಿಕ್ಲಾಸ್ ವೆಲೆನ್ ನಾಲ್ಕನೆಯದನ್ನು ಹೊಡೆದ. 4–3.

ಇವತ್ತು? ಹತ್ತು ಮತ್ತು ಹನ್ನೊಂದನೇ ನಿಮಿಷಗಳಲ್ಲಿ ಬೆಲ್ಜಿಯಂನ ವಾನ್ ಔಬೆಲ್ ಮತ್ತು ಕಾಸಿನ್ಸ್ ಎರಡು ಗೋಲು ಹೊಡೆದರು. ಮತ್ತೆ 0–2! ಗೆಳತಿ ನನ್ನ ಮುಖ ನೋಡಿದಳು. ಜರ್ಮನಿಯ ಆಟಗಾರರ ಮುಖದಲ್ಲಿ ಮಾತ್ರ ಗಾಬರಿ ಇರಲಿಲ್ಲ. ಸೋಲುತ್ತಿರುವವರು ದೂರದಿಂದ ಚೆಂಡು ಬೀಸಿ ಹೊಡೆಯುವುದನ್ನು ನೋಡಿದ್ದೇನೆ, ನಾನೂ ಹಾಗೆ ಮಾಡಿದ್ದೇನೆ. ಇವರು ಅದೇ ಸಣ್ಣ ಸಣ್ಣ ಪಾಸ್, ಅದೇ ಓಟ. 29ರಲ್ಲಿ ವೆಲೆನ್.

41ನೇ ನಿಮಿಷದ ಪೆನಾಲ್ಟಿ ಕಾರ್ನರ್ ನಮ್ಮ ಕಡೆಯ ಗೋಲಿನಲ್ಲೇ ಆಯಿತು. ಬೆಲ್ಜಿಯಂನ ರಕ್ಷಕರು ಮುಖವಾಡ ಬಿಗಿದು ಗೋಲಿನ ಒಳಗೆ ಸಾಲಾಗಿ ನಿಂತರು. ತಳ್ಳಿದ ಚೆಂಡು ನೀಲಿ ಟರ್ಫ್ ಮೇಲೆ ನೀರಿನ ಗೆರೆ ಎಳೆಯುತ್ತಾ ಬಂತು. ಸ್ಟಾಪರ್ ಅದನ್ನು ಹಿಡಿದು ನಿಲ್ಲಿಸಿದ. ಪೇಯಾಟ್ ಎಡಗಾಲನ್ನು ಮುಂದಕ್ಕೆ ಚಾಚಿ, ಮೈಯನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ, ಕೋಲಿನ ಬಾಗಿನಲ್ಲಿ ಚೆಂಡನ್ನು ಎಳೆದುಕೊಂಡು ಬಂದು ಬಿಟ್ಟ. ಕವಣೆ ಬೀಸಿದ ಹಾಗೆ. ಚೆಂಡು ಹೋದದ್ದು ನನಗೆ ಕಾಣಲಿಲ್ಲ, ಹಾರಿದ ನೀರ ಹನಿಗಳಷ್ಟೇ ಕಂಡವು. ರಿಯೊದಲ್ಲಿ ಅರ್ಜೆಂಟೀನಾಗೆ ಚಿನ್ನ ಗೆದ್ದುಕೊಟ್ಟ ಕೈ ಅದು, ಈಗ ಜರ್ಮನಿಗೆ ಆಡುತ್ತಿದೆ. ಅಂಥ ಒಬ್ಬ ನಮಗೆ ಕಳೆದ ಭಾನುವಾರ ಇದ್ದಿದ್ದರೆ ಎಂದು ಆ ಗದ್ದಲದಲ್ಲೂ ಅನ್ನಿಸಿತು.

48ರಲ್ಲಿ ಮಾಟ್ಸ್ ಗ್ರಾಂಬುಷ್ 3–2 ಮಾಡಿದ. ಈಗ ಜರ್ಮನಿ ಮುಂದೆ, ಬೆಲ್ಜಿಯಂ ಹಿಂದೆ. 59ನೇ ನಿಮಿಷದಲ್ಲಿ ಟಾಮ್ ಬೂನ್ ಅದನ್ನೂ ತೀರಿಸಿದ. ಶೂಟೌಟ್‌ಗಾಗಿಯೇ ಜರ್ಮನಿ ಇಳಿಸಿದ ಗೋಲ್‌ಕೀಪರ್ ಡಾನ್ನೆಬರ್ಗ್. ಗೋಲ್‌ಕೀಪರ್ ಒಬ್ಬನನ್ನೇ ಎದುರಿಸಿ ಗೋಲು ಹೊಡೆಯಲು ಆಟಗಾರನಿಗೆ ಇರುವುದು ಎಂಟೇ ಸೆಕೆಂಡು. ಡಾನ್ನೆಬರ್ಗ್ ಓಡಿ ಬಂದು ಅವನ ಕೋಲಿನ ಮುಂದೆ ಗೋಡೆಯಾಗಿ ಬಿಡುತ್ತಿದ್ದ. ಐದೈದು ಯತ್ನ ಮುಗಿದರೂ ಸಮ. ಒಂದೊಂದೇ ಯತ್ನದಲ್ಲಿ ತೀರ್ಮಾನವಾಗುವ ಸಡನ್ ಡೆತ್‌ನಲ್ಲಿ ಕಾಸಿನ್ಸ್‌ಗೆ ಗೋಲು ದಕ್ಕಲಿಲ್ಲ. ಹನ್ನೊಂದನೇ ನಿಮಿಷದಲ್ಲಿ ಗೋಲು ಹೊಡೆದಿದ್ದ ಅದೇ ಕಾಸಿನ್ಸ್. ಜರ್ಮನಿಯವರು ಅಂಗಳದ ತುಂಬ ಓಡುತ್ತಿದ್ದರು. ನನ್ನ ಕಣ್ಣು ಮಾತ್ರ ಅವನ ಮೇಲೇ ಇತ್ತು. ನನಗೆ ಗೋವಿಂದರ ನೆನಪಾಯಿತು.

ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಒಂದೇ ಸುತ್ತಿಗೆ ಎತ್ತಿಕೊಂಡರು, ಅವರೂ ಮಲಗಿರಲಿಲ್ಲ. "ಮೂರು ಸಲ, ಎರಡೆರಡು ಗೋಲು ಹಿಂದೆ ಬಿದ್ದು" ಎಂದು ಹೇಳಿ ಸುಮ್ಮನಾದರು. ಆಮೇಲೆ ನಾಪೋಕ್ಲುವಿನ ಸುದ್ದಿ ತೆಗೆದರು. ಕೆಲವು ವರ್ಷಗಳಿಂದ ನಿಂತುಹೋಗಿದ್ದ ಕೊಡವ ಕುಟುಂಬಗಳ ಹಾಕಿ ನಮ್ಮೆ, ಅಂದರೆ ಹಾಕಿ ಹಬ್ಬ, ಮಾರ್ಚ್‌ನಲ್ಲಿ ಅಲ್ಲಿ ಮತ್ತೆ ನಡೆಯಲಿದೆ. ನಮ್ಮ ಮನೆತನದ ತಂಡದ ಪಟ್ಟಿ ಬರೆಯುತ್ತಿದ್ದಾರಂತೆ.

"ಹಿಂದೆ ಆಡಲು ಒಬ್ಬರು ಕಡಿಮೆ ಇದ್ದಾರೆ. ನಿನಗೆ ರಜೆ ಸಿಗುತ್ತದೆಯೇ?"

ಹನ್ನೊಂದು ವರ್ಷದಿಂದ ನಾನು ಕೋಲು ಹಿಡಿದಿಲ್ಲ. ಆದರೂ ಬರುತ್ತೇನೆ ಎಂದೆ. ನಾಳೆ ಬೆಳಿಗ್ಗೆ ಮೊದಲು ರಜೆ ಅರ್ಜಿ ಬರೆಯಬೇಕು, ಸಂಜೆ ಗೆಳತಿಯ ತಮ್ಮನಲ್ಲಿ ಒಂದು ಸ್ಟಿಕ್ ಕೇಳಬೇಕು.