ಸತ್ತ ಡಿವಿಡಿ ಡ್ರೈವ್‌ನ ಡಬ್ಬದಲ್ಲಿ 5.1 ಆಂಪ್ಲಿಫೈಯರ್

ತುಮಕೂರಿನ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿದರೆ ಸತ್ತ ಡಿವಿಡಿ ರೈಟರ್ ಒಂದು ಸಿಕ್ಕೇ ಸಿಗುತ್ತದೆ. ತಂದು ಒಳಗಿನದನ್ನೆಲ್ಲ ಕಿತ್ತುಹಾಕಿ. ಉಳಿಯುವ ತಗಡಿನ ಡಬ್ಬ 146 ಮಿ.ಮೀ. ಅಗಲ, 41 ಮಿ.ಮೀ. ಎತ್ತರ, ಸುಮಾರು 170 ಮಿ.ಮೀ. ಉದ್ದ. 5.1 ಆಂಪ್ಲಿಫೈಯರಿನ ಆರು ಚಾನೆಲ್‌ಗೆ (ಐದು ಸ್ಪೀಕರ್, ಒಂದು ಸಬ್‌ವೂಫರ್) ಇಷ್ಟು ಜಾಗ ಸಾಕು. ಕ್ಯಾಬಿನೆಟ್‌ನ 5.25 ಇಂಚಿನ ಖಾನೆಯಲ್ಲಿ ಹಳೇ ಸ್ಕ್ರೂಗಳಲ್ಲೇ ಕೂರುತ್ತದೆ. ಎಜೆಕ್ಟ್ ಗುಂಡಿಯ ತೂತಿಗೆ ಒಂದು ಸ್ವಿಚ್ಚೂ ಹಿಡಿಸುತ್ತದೆ. ಈಚಿನ ಗಾಜಿನ ಕ್ಯಾಬಿನೆಟ್‌ಗಳಲ್ಲಿ ಈ ಖಾನೆ ಸಾಮಾನ್ಯವಾಗಿ ಇರುವುದಿಲ್ಲ. ಅಂಥವರು ಹಾರ್ಡ್‌ಡಿಸ್ಕ್ ಗೂಡನ್ನು ಅಳೆದು ನೋಡಿ.

ಆಂಪ್‌ಗೆ ಕರೆಂಟ್ ಬರುವುದು ಕಂಪ್ಯೂಟರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೊಡುವ 12 ವೋಲ್ಟಿನಿಂದ. ರೇಡಿಯೊ ಸ್ಪೇರ್ಸ್ ಅಂಗಡಿಯಲ್ಲಿ 12 ವೋಲ್ಟಿನ ಬೋರ್ಡ್ ಕೇಳಿದರೆ ಮೊದಲು ಕೈಗೆ ಬರುವುದು 4440. ಗಟ್ಟಿ ಐಸಿ, ಹೆಸರಿಡುವಂತಿಲ್ಲ. ಆದರೆ ಸ್ಟೀರಿಯೊದಲ್ಲಿ ಚಾನೆಲ್‌ಗೆ 6 ವ್ಯಾಟ್ ಮಾತ್ರ. 19 ವ್ಯಾಟ್ ಬೇಕಾದರೆ ಬ್ರಿಡ್ಜ್ ಮಾಡಿ (ಐಸಿಯ ಎರಡೂ ಚಾನೆಲ್ ಒಂದೇ ಸ್ಪೀಕರಿಗೆ ಕೊಟ್ಟು) ಚಾನೆಲ್‌ಗೊಂದು ಐಸಿ ಹಾಕಬೇಕು. ಆರು ಐಸಿ, ಅವಕ್ಕೆ ತಕ್ಕ ಹೀಟ್‌ಸಿಂಕ್ ಈ ಡಬ್ಬದಲ್ಲಿ ಹಿಡಿಸುವುದಿಲ್ಲ. ಎಳೆದುಕೊಂಡ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿಯಾಗಿಯೇ ಹೋಗುವುದರಿಂದ ಏಪ್ರಿಲ್ ತಿಂಗಳ ಸೆಕೆಯಲ್ಲಿ ಕ್ಯಾಬಿನೆಟ್ ಒಳಗೆ ಒಲೆ ಹಚ್ಚಿಟ್ಟಂತೆ. ಬದಲಿಗೆ ಟಿಪಿಎ3116 ಐಸಿಯ ಎರಡು ಚಾನೆಲ್ ಬೋರ್ಡ್ ಮೂರು ತನ್ನಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನ್‌ನಲ್ಲೋ ಸಿಗುತ್ತವೆ. ಇದು ಕ್ಲಾಸ್-ಡಿ, ಬಿಸಿಯಾಗಿ ಪೋಲಾಗುವುದು ಹತ್ತರಲ್ಲೊಂದು ಪಾಲು.

ಬೋರ್ಡಿನ ಮೇಲೆ 50+50 ವ್ಯಾಟ್ ಅಂತ ಬರೆದಿದ್ದರೆ ಅದು 21 ವೋಲ್ಟ್, 4 ಓಮ್‌ನ ಲೆಕ್ಕ. ನಮ್ಮಲ್ಲಿರುವುದು 12 ವೋಲ್ಟ್. ಬ್ರಿಡ್ಜ್ ಔಟ್‌ಪುಟ್ ಹೆಚ್ಚೆಂದರೆ 11 ವೋಲ್ಟಿನ ಶಿಖರ ಮುಟ್ಟುತ್ತದೆ, ಆರ್‌ಎಂಎಸ್‌ನಲ್ಲಿ (ವ್ಯಾಟ್ ಲೆಕ್ಕಕ್ಕೆ ಬರುವ ಸರಾಸರಿ) 7.8. ಅಂದರೆ 4 ಓಮ್‌ಗೆ 15 ವ್ಯಾಟ್, 8 ಓಮ್‌ಗೆ ಅದರರ್ಧ. ಹಾಗಾಗಿ ಸ್ಪೀಕರ್ 4 ಓಮ್‌ನವೇ ಇರಲಿ. 10×12 ಅಡಿಯ ಕೋಣೆಗೆ ಇದು ಧಾರಾಳ; ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಆಗುತ್ತದೆ.

ಆರೂ ಚಾನೆಲ್ ಒಟ್ಟಿಗೆ ತುಂಬ ಕೂಗಿದರೆ 90 ವ್ಯಾಟ್, ನಷ್ಟ ಸೇರಿ 100. ಅಂದರೆ 12 ವೋಲ್ಟಿನಲ್ಲಿ 8 ಆಂಪಿಯರ್‌ಗಿಂತ ತುಸು ಜಾಸ್ತಿ. ಸಿನಿಮಾದಲ್ಲಿ ಸರಾಸರಿ ಇದರ ಕಾಲುಭಾಗವೂ ಬರುವುದಿಲ್ಲ, ಆದರೆ ವೈರಿಂಗ್ ಪೂರ್ತಿ ಲೆಕ್ಕಕ್ಕೇ ಮಾಡಬೇಕು. ಎಸ್‌ಎಂಪಿಎಸ್ ಚೀಟಿಯಲ್ಲಿ '450 ವ್ಯಾಟ್' ಅಂತ ದಪ್ಪಕ್ಷರದಲ್ಲಿರುವುದನ್ನು ಬಿಟ್ಟು +12 ವೋಲ್ಟಿನ ಮನೆಯಲ್ಲಿ ಎಷ್ಟು ಆಂಪಿಯರ್ ಇದೆ ಅಂತ ಓದಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ 20 ಇದ್ದರೆ ನೆಮ್ಮದಿ. ಕರೆಂಟ್ ತೆಗೆಯಲು ಬೇರೆ ಬೇರೆ ಕೇಬಲ್ಲಿನ ಎರಡು ಮೋಲೆಕ್ಸ್ (ನಾಲ್ಕು ಪಿನ್ನಿನ ಪವರ್ ಕನೆಕ್ಟರ್) ಬಳಸಿ, ಒಂದೊಂದಕ್ಕೂ 5 ಆಂಪಿಯರ್ ಫ್ಯೂಸ್ ಹಾಕಿ. ಹಳದಿ 12 ವೋಲ್ಟ್, ಕಪ್ಪು ಗ್ರೌಂಡ್, ಕೆಂಪು 5 ವೋಲ್ಟ್. ಕೆಂಪಿಗೆ ಸ್ಲೀವ್ ಹಾಕಿ ಮುಚ್ಚಿಬಿಡಿ. ಸಾಟಾ ಪವರ್ ಕನೆಕ್ಟರ್ ಬೇಡವೇ ಬೇಡ: ಅದರಲ್ಲಿ 12 ವೋಲ್ಟಿಗೆ ಮೂರೇ ಪಿನ್ನು, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಪ್ಲಾಸ್ಟಿಕ್ ಕರಗಿದ ವಾಸನೆ ಬರುವುದು ಅಲ್ಲಿಂದಲೇ. ಪ್ರತಿ ಬೋರ್ಡಿನ ಹತ್ತಿರ 2200 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪ್ಯಾಸಿಟರ್ ಒಂದು ಸಾಕು. ದೊಡ್ಡದಿದ್ದರೆ ಒಳ್ಳೆಯದೆಂದು 10,000ದ್ದು ಮೂರು ಹಾಕಿದರೆ ಎಸ್‌ಎಂಪಿಎಸ್ ಅದನ್ನು ಶಾರ್ಟ್ ಎಂದು ತಿಳಿದು ಎದ್ದೇಳದೆ ಹೋಗಬಹುದು.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಮೌಸ್ ಅಲ್ಲಾಡಿಸಿದಾಗ ಸ್ಪೀಕರಿನಲ್ಲಿ ಚಿರ್ ಚಿರ್, ಗೇಮ್ ತೆರೆದರೆ ಗುಂಯ್. ಬೋರ್ಡ್ ಕೆಟ್ಟದ್ದೆಂದು ಬದಲಾಯಿಸುತ್ತಾರೆ, ಶಬ್ದ ಮಾತ್ರ ಹೋಗುವುದಿಲ್ಲ. ತಪ್ಪು ಇರುವುದು ಗ್ರೌಂಡಿನಲ್ಲಿ. ಆಂಪ್‌ನ ಗ್ರೌಂಡ್ ಮೋಲೆಕ್ಸ್‌ನ ಕಪ್ಪು ವೈರಿನ ಮೂಲಕ ಎಸ್‌ಎಂಪಿಎಸ್‌ಗೆ ಹೋಗುತ್ತದೆ. ಆಡಿಯೊ ಪಿನ್ನಿನ ಗ್ರೌಂಡ್ ಮದರ್‌ಬೋರ್ಡ್ ಮೂಲಕ ಅಲ್ಲಿಗೇ ಹೋಗುತ್ತದೆ. ದಾರಿ ಎರಡಾದವು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಕರೆಂಟ್ ಎಳೆದಂತೆಲ್ಲ ಮದರ್‌ಬೋರ್ಡಿನ ಗ್ರೌಂಡ್ ಕೆಲವು ಮಿಲಿವೋಲ್ಟ್ ಮೇಲೆ ಕೆಳಗೆ ಆಗುತ್ತದೆ. ಆಡಿಯೊ ಸಿಗ್ನಲ್ ಸುಮಾರು 1 ವೋಲ್ಟ್; ಅದರ ಜೊತೆ 10 ಮಿಲಿವೋಲ್ಟ್ ಗದ್ದಲ ಸೇರಿದರೆ ನೂರರಲ್ಲೊಂದು ಪಾಲು. ರಾತ್ರಿ ಹೊತ್ತು ಇದು ಸ್ಪಷ್ಟವಾಗಿ ಕೇಳುತ್ತದೆ.

ಬಿಡಿಸಲು ಎರಡು ದಾರಿ. ಸುಲಭದ್ದು 600 ಓಮ್, 1:1 ಆಡಿಯೊ ಟ್ರಾನ್ಸ್‌ಫಾರ್ಮರ್, ಚಾನೆಲ್‌ಗೊಂದು. ಪ್ಲಗ್ಗಿನಿಂದ ಬರುವ ಶೀಲ್ಡ್ (ವೈರಿನ ಹೊರಗಿನ ಹೆಣಿಗೆ) ಟ್ರಾನ್ಸ್‌ಫಾರ್ಮರಿನ ಪ್ರೈಮರಿ, ಅಂದರೆ ಸಿಗ್ನಲ್ ಒಳಬರುವ ಕಡೆಗೇ ನಿಲ್ಲಬೇಕು, ಡಬ್ಬಕ್ಕೂ ಆಂಪ್‌ನ ಗ್ರೌಂಡಿಗೂ ತಾಗಬಾರದು. ತಾಗಿದರೆ ಟ್ರಾನ್ಸ್‌ಫಾರ್ಮರ್ ಇದ್ದೂ ಇಲ್ಲದಂತೆ. ಸಣ್ಣ ಟ್ರಾನ್ಸ್‌ಫಾರ್ಮರ್ ಬೇಸನ್ನು ತಿನ್ನುತ್ತದೆ, ಆದ್ದರಿಂದ ಸಬ್‌ವೂಫರ್ ಚಾನೆಲ್‌ಗೆ ಹಾಕಬೇಡಿ. ಎರಡನೆಯ ದಾರಿಗೆ ಕೈ ಸ್ಥಿರವಾಗಿರಬೇಕು. ಟಿಪಿಎ3116ಕ್ಕೆ ಪ್ರತಿ ಚಾನೆಲ್‌ಗೂ ಪ್ಲಸ್, ಮೈನಸ್ ಎರಡು ಇನ್‌ಪುಟ್ ಇವೆ. ಅಗ್ಗದ ಬೋರ್ಡ್‌ಗಳಲ್ಲಿ ಮೈನಸ್ ಕಡೆಯ ಕೆಪ್ಯಾಸಿಟರನ್ನು ನೇರ ಗ್ರೌಂಡಿಗೆ ಕೂರಿಸಿರುತ್ತಾರೆ. ಅದರ ಗ್ರೌಂಡ್ ಕಡೆಯ ತುದಿಯನ್ನು ಎಬ್ಬಿಸಿ ಪ್ಲಗ್ಗಿನ ಶೀಲ್ಡಿಗೆ ಬೆಸುಗೆ ಹಾಕಿ, ಶೀಲ್ಡಿಗೂ ಆಂಪ್ ಗ್ರೌಂಡಿಗೂ ನಡುವೆ 100 ಓಮ್ ಇಡಿ. ಎರಡೂ ಇನ್‌ಪುಟ್‌ಗೆ ಒಂದೇ ಗದ್ದಲ ಬಂದರೆ ಐಸಿ ಅದನ್ನು ಬಹುಪಾಲು ಕಳೆದುಹಾಕುತ್ತದೆ. ಖರ್ಚಿಲ್ಲ, ಬೇಸೂ ಹೋಗುವುದಿಲ್ಲ. ಬೆಸುಗೆ ಬರುವವರು ಆರೂ ಚಾನೆಲ್‌ಗೆ ಇದನ್ನೇ ಮಾಡುವುದು ಒಳ್ಳೆಯದು.

ಜೊತೆಗೆ ಗೇನ್, ಅಂದರೆ ಸಿಗ್ನಲ್ಲನ್ನು ಎಷ್ಟು ಪಟ್ಟು ಹೆಚ್ಚಿಸಬೇಕೆಂಬುದನ್ನು ಇಳಿಸಿ. 1 ವೋಲ್ಟ್ ಸಿಗ್ನಲ್ಲಿಗೆ 20 ಡೆಸಿಬೆಲ್, ಅಂದರೆ ಹತ್ತು ಪಟ್ಟು ಸಾಕು. 12 ವೋಲ್ಟ್ ಅಲ್ಲಿಗೇ ಮುಗಿಯಿತು. ಅದಕ್ಕಿಂತ ಹೆಚ್ಚಿನ ಗೇನ್ ಸುಯ್ ಶಬ್ದವನ್ನಷ್ಟೇ ದೊಡ್ಡದು ಮಾಡುತ್ತದೆ. ಗೇನ್ ಪಿನ್ನಿನಿಂದ ಗ್ರೌಂಡಿಗೆ 5.6ಕೆ ಹಾಕಿ, ಅದೇ ಪಿನ್ನಿನಿಂದ ಜಿವಿಡಿಡಿ ಪಿನ್ನಿಗೆ ಹೋಗುವ ರೆಸಿಸ್ಟರ್ ತೆಗೆದುಬಿಟ್ಟರೆ 20 ಡೆಸಿಬೆಲ್. ಐಸಿ ಇದನ್ನು ಆನ್ ಆಗುವಾಗ ಒಮ್ಮೆ ಮಾತ್ರ ಓದುತ್ತದೆ, ಬದಲಿಸಿದ ಮೇಲೆ ಪವರ್ ತೆಗೆದು ಹಾಕಿ.

ಇನ್ನೊಂದು ಗುಂಯ್ ಮನೆಯ ಅರ್ತ್‌ನದು. ಅರ್ತ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಫಿಲ್ಟರಿನ ಎರಡು ಕೆಪ್ಯಾಸಿಟರ್‌ಗಳ ನಡುವೆ ಸಿಕ್ಕ ಕ್ಯಾಬಿನೆಟ್ ಮೇಲೆ 230ರ ಅರ್ಧ, ಸುಮಾರು 115 ವೋಲ್ಟ್ ನಿಲ್ಲುತ್ತದೆ. ಮುಟ್ಟಿದರೆ ಜುಮ್ ಅನ್ನುವುದು ಅದೇ. ಶಿರಾ, ಪಾವಗಡ, ಮಧುಗಿರಿ ಕಡೆಯ ಒಣ ನೆಲದಲ್ಲಿ ಅರ್ತ್ ಗುಂಡಿ ಬೇಸಿಗೆಯಲ್ಲಿ ಬತ್ತಿಹೋದರೆ ಪೈಪ್ ಇದ್ದೂ ಪ್ರಯೋಜನವಿಲ್ಲ. ನೀರು ಹುಯ್ಯಿಸಿ, ಫೇಸ್ ಮತ್ತು ಅರ್ತ್ ನಡುವೆ ಬಲ್ಬ್ ಹಚ್ಚಿ ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಕೇಬಲ್ ಟಿವಿ ತಂತಿ ಕಂಪ್ಯೂಟರಿಗೆ ಎಚ್‌ಡಿಎಂಐ ಮೂಲಕ ಸುತ್ತಿ ಬರುತ್ತಿದ್ದರೆ ಅದನ್ನೊಮ್ಮೆ ಬಿಚ್ಚಿ, ಗುಂಯ್ ನಿಂತರೆ ಕಾರಣ ಅಲ್ಲೇ ಇದೆ.

ಮದರ್‌ಬೋರ್ಡಿನ ಹಿಂದೆ ಆಡಿಯೊ ತೂತುಗಳಲ್ಲಿ ಹಸಿರು ಮುಂದಿನ ಸ್ಪೀಕರ್ ಜೋಡಿ, ಕಪ್ಪು ಹಿಂದಿನ ಜೋಡಿ, ಕಿತ್ತಳೆ ಸೆಂಟರ್ ಮತ್ತು ಸಬ್. ಮೂರೇ ತೂತಿದ್ದರೆ ನೀಲಿ ಹಿಂದಿನ ಜೋಡಿಯಾಗುತ್ತದೆ, ಗುಲಾಬಿ ಸೆಂಟರ್-ಸಬ್ ಆಗುತ್ತದೆ. ಮುಂದಿನ ಪ್ಯಾನೆಲ್‌ನ ಹೆಡರ್‌ನಲ್ಲಿ ಎರಡೇ ಚಾನೆಲ್, ಅಲ್ಲಿಂದ ತೆಗೆಯಲಾಗದು. ಮೂರು ಪ್ಲಗ್ ಹಿಂದೆ ಚುಚ್ಚಿ, ಖಾಲಿ ಪಿಸಿಐ ಪಟ್ಟಿಯ (ಕ್ಯಾಬಿನೆಟ್ ಹಿಂದೆ ಕಾರ್ಡ್ ಜಾಗ ಮುಚ್ಚುವ ತಗಡು) ತೂತಿನಿಂದ ಒಳಕ್ಕೆ ತನ್ನಿ. ಸೆಂಟರಿನಲ್ಲಿ ಮಾತಿನ ಬದಲು ಗುಡುಗು ಬಂದರೆ ಎರಡು ವೈರ್ ಅದಲುಬದಲು ಮಾಡಿ.

ಸ್ಪೀಕರಿನ ಮೈನಸ್ ಗ್ರೌಂಡ್ ಅಲ್ಲ. ಬ್ರಿಡ್ಜ್‌ನಲ್ಲಿ ಎರಡೂ ತುದಿ ಜೀವಂತ. ಆರು ಮೈನಸ್‌ಗಳನ್ನು ಒಂದೆಡೆ ಸೇರಿಸಿದರೆ, ಅಥವಾ ಒಂದು ಎಳೆ ಪಿಸಿಐ ಪಟ್ಟಿಯ ತಗಡಿಗೆ ತಾಗಿದರೆ ಐಸಿ ಮುಚ್ಚಿಕೊಳ್ಳುತ್ತದೆ, ನಕಲಿಯಾದರೆ ಸುಟ್ಟೇಹೋಗುತ್ತದೆ. ಹಿಂದಿನ ಸ್ಪೀಕರಿಗೆ 6 ಮೀಟರ್ ಎಳೆಯುವುದಾದರೆ 40/36 (36 ಗೇಜಿನ 40 ಎಳೆ) ವೈರ್ ತನ್ನಿ. ಹೋಗಿಬರುವ ದಾರಿಗೆ 0.18 ಓಮ್ ಆಗುತ್ತದೆ, 23/36ಕ್ಕೆ 0.31.

ಆನ್ ಮಾಡುವಾಗ ಬರುವ 'ಟಪ್' ತಪ್ಪಿಸಲು ಡಿಲೇ ರಿಲೇ ಬೋರ್ಡ್ ಬಳಸಿ, ಆದರೆ 12 ವೋಲ್ಟಿನ ದಾರಿಯಲ್ಲಿ ಬೇಡ. ಖಾಲಿ ಕೆಪ್ಯಾಸಿಟರ್‌ಗಳು ಒಮ್ಮೆಲೇ ತುಂಬಿಕೊಳ್ಳುವಾಗ ವೋಲ್ಟೇಜ್ ಕುಸಿದು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಐಸಿಯ ಶಟ್‌ಡೌನ್ ಪಿನ್ ಗ್ರೌಂಡಿಗೆ ತಾಗಿದರೆ ಆಂಪ್ ಮೌನ. ಮೂರೂ ಬೋರ್ಡಿನ ಆ ಪಿನ್ನುಗಳನ್ನು ಸೇರಿಸಿ ರಿಲೇಯ ಎನ್‌ಸಿ (ರಿಲೇ ಆಫ್ ಇದ್ದಾಗ ಸೇರಿಕೊಂಡಿರುವ) ತುದಿಯಿಂದ ಗ್ರೌಂಡಿಗೆ ಕೊಡಿ, ಸಮಯ 10 ಸೆಕೆಂಡ್. ಕಂಪ್ಯೂಟರ್ ಆರಿಸಿದಾಗ ರಿಲೇ ಬಿಟ್ಟುಕೊಂಡು ಆಂಪ್ ತಾನೇ ಸುಮ್ಮನಾಗುತ್ತದೆ. ಪಿನ್ ನೇರ 12 ವೋಲ್ಟಿಗೆ ಕಟ್ಟಿದೆಯೋ, ನಡುವೆ ರೆಸಿಸ್ಟರ್ ಇದೆಯೋ ಮೀಟರ್‌ನಲ್ಲಿ ನೋಡಿ. ನೇರ ಇದ್ದರೆ ಆ ಗೆರೆ ಕತ್ತರಿಸಿ 100ಕೆ ಹಾಕದೆ ಇದನ್ನು ಮಾಡಬಾರದು.

ಕೊನೆಗೆ ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ 5.1 ಆರಿಸಿ ಒಂದೊಂದೇ ಸ್ಪೀಕರ್ ಪರೀಕ್ಷಿಸಿ. ಮೊದಲ ಸಲಕ್ಕೆ ಒಳ್ಳೇ ಸ್ಪೀಕರ್ ಹಾಕಬೇಡಿ, ಹಳೇ ಟಿವಿಯದ್ದು ಸಾಕು. ಹತ್ತಿರದಲ್ಲಿ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಕೇಳುವ ರೇಡಿಯೊ ಇದ್ದರೆ ಕರಕರ ಬರಬಹುದು. ಕ್ಲಾಸ್-ಡಿಯ ಗುಣವೇ ಅದು, ಉದ್ದದ ಸ್ಪೀಕರ್ ವೈರ್ ಆಂಟೆನಾ ಆಗುತ್ತದೆ. ಪ್ರತಿ ಜೋಡಿಯ ಎರಡು ವೈರ್‌ಗಳನ್ನು ಒಂದಕ್ಕೊಂದು ಹೊಸೆದು, ಡಬ್ಬದ ಬಾಯಲ್ಲಿ ಒಂದು ಫೆರೈಟ್ ಉಂಗುರದೊಳಗೆ ತೂರಿಸಿದರೆ ಬಹಳಷ್ಟು ತಗ್ಗುತ್ತದೆ.